ನಿಂತಲ್ಲಿ ಬಿದ್ದ ಗಂಟು

ಬೀರುವಿನ ಒಳಖಾನೆಯಲ್ಲಿ, ಧಾರೆ ಸೀರೆಯ ಮಡಿಕೆಗಳ ನಡುವೆ, ನಾಗಲಕ್ಷ್ಮಿ ಆ ಯಂತ್ರವನ್ನು ಇಟ್ಟುಕೊಂಡಿದ್ದಳು. ಅಂಗೈ ತುಂಬುವಷ್ಟು ಹಳದಿ ಪೆಟ್ಟಿಗೆ, ಅದರ ಮುಖಕ್ಕೆ ಬೂದುಬಣ್ಣದ ಪುಟ್ಟ ಪರದೆ. ಕೈಯಲ್ಲಿ ಹಿಡಿದು ಬಯಲಿಗೆ ಬಂದರೆ ಆಕಾಶದ ಉಪಗ್ರಹಗಳ ಮಾತು ಕೇಳಿ, ಹಿಡಿದವರು ನಿಂತ ಜಾಗ ಯಾವುದೆಂದು ಹೇಳುವ ಜಿಪಿಎಸ್. ಸರ್ವೆ ಮಾಡುವವರು ಬಳಸುವಂಥದ್ದು. ಅದನ್ನು ಕೊಡಿಗೇಹಳ್ಳಿಯ ಆ ಮನೆಗೆ ತಂದವನು ಗಂಡ ಅನಂತರಾಜು. ಅವನು ತೀರಿಕೊಂಡು ವರ್ಷ ಕಳೆದಿತ್ತು. ಅವನ ಅಂಗಿಗಳನ್ನು ಯಾರಿಗೋ ಕೊಟ್ಟಾಗಿತ್ತು, ಕನ್ನಡಕ ಎಲ್ಲೋ ಕಳೆದುಹೋಗಿತ್ತು. ಯಂತ್ರ ಮಾತ್ರ ಸೀರೆಯೊಳಗೆ ಬೆಚ್ಚಗಿತ್ತು.

ಎರಡು ಸಾವಿರದ ಹದಿನೇಳನೆಯ ಇಸವಿಯ ಮಹಾಲಯ ಅಮಾವಾಸ್ಯೆ ಹತ್ತಿರವಾಗುತ್ತಿದ್ದ ಒಂದು ಬೆಳಿಗ್ಗೆ ಅವಳು ಅದನ್ನು ಹೊರತೆಗೆದಳು. ಬೆನ್ನಿನ ಮುಚ್ಚಳ ಬಿಚ್ಚಿದಳು. ಒಳಗಿದ್ದ ಸೆಲ್ಲುಗಳು ಸೋರಿ ಉಪ್ಪಿನಂಥ ಬಿಳಿಪುಡಿ ಹರಡಿತ್ತು. ಸ್ಪ್ರಿಂಗುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹಳೆಯ ಪಂಚೆಯ ಚೂರಿನಿಂದ ಒರೆಸಿ, ಬೀದಿಯ ಅಂಗಡಿಯಿಂದ ಹೊಸ ಸೆಲ್ಲು ತಂದು ಹಾಕಿ, ಗುಂಡಿ ಒತ್ತಿದಳು. ಪರದೆ ಬೆಳಗಿತು. ಬೆಳಗಿದ್ದೇ ತಡ, ಅದರ ಮೇಲೆ ಅಡ್ಡಡ್ಡ ಕಪ್ಪುಗೆರೆಗಳು ಇಳಿದು ಅಕ್ಷರಗಳನ್ನೆಲ್ಲ ನುಂಗಿದವು.

ಆ ಪೆಟ್ಟಿಗೆಯೊಳಗೆ ಅವಳ ಮಗಳಿದ್ದಳು.

ಚೊಚ್ಚಲ ಕೂಸು. ಕೋಗಿಲಿನ ಮಾವನ ಮನೆಯಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಒಂದು ಮಳೆಗಾಲದ ಮುಂಜಾನೆ ಮೈ ತಣ್ಣಗಾಗಿ ಹೋಯಿತು. ಬಾಣಂತಿಕೋಣೆಯ ಬಾಗಿಲು ಹಾಕಿಕೊಂಡು, ಮಾವ ಲಕ್ಕಣ್ಣನೂ ಅನಂತರಾಜುವೂ ಬಿಳಿಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ದೊಡ್ಡವರನ್ನು ಹೊಲದಲ್ಲಿ ಮಣ್ಣು ಮಾಡಿದರೆ ಆ ಮನೆಯವರು ಕಲ್ಲು ನೆಡುತ್ತಿದ್ದರು, ಮೂರನೆಯ ದಿನ ಹಾಲುತುಪ್ಪ ಬಿಡುತ್ತಿದ್ದರು. ಎಳೆಗೂಸಿಗೆ ಅದೊಂದೂ ಇಲ್ಲ. ಹೊಲದ ಬದುವಿನಲ್ಲಿ, ಒಂದು ಹೊಂಗೆಮರದ ಬುಡದಲ್ಲಿ, ಗುರುತಿಲ್ಲದಂತೆ ಮಣ್ಣು ಮುಚ್ಚಿ ಹಿಂತಿರುಗಿ ನೋಡದೆ ಬರಬೇಕು. ಆ ಜಾಗವನ್ನು ತಾಯಿಗೆ ತೋರಿಸಬಾರದು. ತೋರಿಸಿದರೆ ಅವಳ ಕಾಲು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬುದು ಆ ಮನೆಯ ಕಟ್ಟು.

ಮುಂದಿನ ಬಸಿರು ನಿಂತಿತು. ಕಲಾವತಿ ಹುಟ್ಟಿದಳು, ಬೆಳೆದಳು, ಮದುವೆಯಾಗಿ ಯಶವಂತಪುರ ಸೇರಿದಳು. ಆದರೆ ಆ ಹೊಲದ ಬದುಗಳ ಮೇಲೆ ಹೊಂಗೆಮರಗಳು ಒಂದಲ್ಲ, ಸಾಲುಸಾಲು ಇದ್ದವು. ಸೊಸೆಯಾಗಿ ಆ ಹೊಲಕ್ಕೆ ಬುತ್ತಿ ಹೊತ್ತ ಅಷ್ಟೂ ವರ್ಷ ನಾಗಲಕ್ಷ್ಮಿ ಯಾವ ಬದುವನ್ನೂ ನಿಶ್ಚಿಂತೆಯಿಂದ ದಾಟಲಿಲ್ಲ. ಪ್ರತಿ ಮರದ ನೆರಳನ್ನೂ ಅವಳು ತುದಿಗಾಲಲ್ಲಿ ಹಾಯುತ್ತಿದ್ದಳು, ಮಲಗಿದ ಮಗು ಎದ್ದೀತೆಂಬಂತೆ.

ಎರಡು ಸಾವಿರದ ಒಂಬತ್ತರ ಹೊತ್ತಿಗೆ ಅವರು ಕೊಡಿಗೇಹಳ್ಳಿಗೆ ಬಂದು ನೆಲೆಸಿದ್ದರು. ಆ ವರ್ಷ ಅನಂತರಾಜುವೂ ಅವನ ಅಣ್ಣತಮ್ಮಂದಿರೂ ಸೇರಿ ಹೊಲವನ್ನು ಬಡಾವಣೆಗೆ ಕೊಟ್ಟರು. ವಿಮಾನ ನಿಲ್ದಾಣದ ರಸ್ತೆ ಬಂದ ಮೇಲೆ ಆ ಸೀಮೆಯಲ್ಲಿ ರಾಗಿ ಬೆಳೆಯುವವರನ್ನು ಕಂಡು ನಗುವಂತಾಗಿತ್ತು. ನಾಗಲಕ್ಷ್ಮಿ ಬೇಡವೆನ್ನಲಿಲ್ಲ. ಒಂದೇ ಒಂದು ಕೇಳಿದಳು.

"ಜೆಸಿಬಿ ಬರಾಕ್ ಮುಂಚೆ ಆ ಜಾಗ ಒಂದ್ಸಲ ತೋರ್ಸಿ."

ಅನಂತರಾಜು ಬಹಳ ಹೊತ್ತು ಚೊಂಬಿನೊಳಗಿನ ನೀರನ್ನು ನೋಡುತ್ತ ಕುಳಿತಿದ್ದ. "ತೋರ್ಸಕ್ಕೆ ಆಗಲ್ಲ ಕಣೆ," ಅಂದ ಕೊನೆಗೆ. "ಆದ್ರೆ ಕಳ್ಯಾಕೂ ಬುಡಲ್ಲ."

ಅವನು ಮಾತಿಗೆ ತಪ್ಪಲಿಲ್ಲ. ಬಡಾವಣೆಯ ಅಳತೆಗೆ ಬಂದಿದ್ದ ಆರ್.ಟಿ. ನಗರದ ಸರ್ವೆಯರ್ ಖುದ್ದೂಸ್ ಸಾಹೇಬರನ್ನು ಕಂಡು ಈ ಯಂತ್ರ ಇಸಿದುಕೊಂಡ. ಒಂದು ದಿನ ಬೆಳಿಗ್ಗೆ ಹೋದವನು ಸಂಜೆಗೆ ಬಂದು, ಅದನ್ನು ಅವಳ ಅಂಗೈಯಲ್ಲಿಟ್ಟ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಪುಟ್ಟಿ ಎಂದು ಮೂಡಿತ್ತು. "ಇದ್ರಲ್ಲಿ ಮಡಗಿದೀನಿ. ಮರ ಕಡುದ್ರೂ, ರಸ್ತೆ ಬಿದ್ರೂ, ಮೇಲಿರೋವಕ್ಕೆ ಗೊತ್ತಿರ್ತದೆ." ಆಮೇಲೆ ಸಾಹೇಬರಿಗೆ ಅದನ್ನು ಹಿಂತಿರುಗಿಸದೆ ತಾನೇ ಕೊಂಡುಕೊಂಡ.

ಅಲ್ಲಿಂದಾಚೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಹಿರಿಯರ ಎಡೆಯಾದ ಮೇಲೆ ಇಬ್ಬರೂ ಮನೆಯ ತಾರಸಿಗೆ ಹೋಗುತ್ತಿದ್ದರು. ಹಿರಿಯರ ಸಾಲಿನಲ್ಲಿ ಕೂಸಿಗೆ ಎಡೆಯಿಲ್ಲವಲ್ಲ. ಅವನು ಯಂತ್ರ ಹೊತ್ತಿಸಿ ಕೈಗೆ ಕೊಡುವನು. ಪುಟ್ಟಿ ಎಂಬ ಹೆಸರಿನ ಮುಂದೆ, ಅವಳು ಇಲ್ಲಿಂದ ಎಷ್ಟು ದೂರ ಎಂಬ ಅಂಕಿ ಬರುವುದು. ಐದು ಕಿಲೋಮೀಟರಿನ ಆಚೀಚೆ. ಕೋಗಿಲಿಗೆ ಹದ್ದು ಹಾರಿದರೆ ಅಷ್ಟೇ ತಾನೆ, ಎಂದುಕೊಳ್ಳುವಳು. ದಿಕ್ಕು ತೋರುವ ಬಾಣ ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. "ನಡೆಯೋರ್ಗೆ ಅಷ್ಟೇ ಅದು ದಾರಿ ಹೇಳಾದು, ನಿಂತೋರ್ಗಲ್ಲ," ಎನ್ನುತ್ತಿದ್ದ ಅನಂತರಾಜು. ಬಾಣವನ್ನು ಬಿಟ್ಟು ಅವಳು ಬಡಗಲಿಗೆ, ಕೋಗಿಲಿನ ಕಡೆಗೆ ತಿರುಗಿ, ದಾಸವಾಳದ ಕುಂಡಕ್ಕೆ ಹಾಲು ಬಿಡುವಳು. ಅವನು ಆಗೆಲ್ಲ ರೈಲುಹಳಿಯ ಕಡೆ ಮುಖ ಮಾಡಿ ನಿಂತಿರುವನು.

ಬಡಾವಣೆ ಎದ್ದು, ಅಲ್ಲಿ ಮನೆಗಳಾದ ಮೇಲೆ ಒಮ್ಮೆ ಕರೆದುಕೊಂಡು ಹೋಗೆಂದು ಕೇಳಿದಳು. "ಮುಂದಿನ್ ವರ್ಸ ಓಗಾಣ," ಅಂದ. ಅದರ ಮರುವರ್ಷವೂ ಅದನ್ನೇ ಅಂದ. ಆಮೇಲೆ, ಅನ್ನುವುದಕ್ಕೆ ಅವನೇ ಉಳಿಯಲಿಲ್ಲ.

ಈ ವರ್ಷ ತಾನೇ ಹೋಗಬೇಕೆಂದು ಅವಳು ನಿಶ್ಚಯಿಸಿದ್ದಳು. ಈಗ ಯಂತ್ರ ಕುರುಡಾಗಿ ಕುಳಿತಿತ್ತು.

ತಮ್ಮ ಬಾಲರಾಜ್‌ಗೆ ಫೋನು ಮಾಡಿದಳು. ಕಟ್ಟಡಗಳಿಗೆ ಜಲ್ಲಿ, ಎಂ-ಸ್ಯಾಂಡ್ ಹೊಡೆಸುವ ಕೆಲಸ ಅವನದು. ಬಾಯಿ ಜೋರು, ಮನಸ್ಸು ಮೆತ್ತಗೆ. ಕಾರು ತಂದ. ಹೆಬ್ಬಾಳದ ಫ್ಲೈಓವರ್ ಹತ್ತುವವರೆಗೂ ಅವನ ವರಾತ ನಿಲ್ಲಲಿಲ್ಲ.

"ಅಲ್ಲ ಕಣಕ್ಕಾ, ಜಾಗ ಹುಡುಕ್ಬೇಕು ಅಂದ್ರೆ ಮೊಬೈಲಲ್ಲಿ ಮ್ಯಾಪ್ ಹಾಕಿದ್ರೆ ಆಯ್ತು. ಈ ಡಬ್ಬಾನ ರಿಪೇರಿ ಮಾಡ್ಸೋಕೆ ಪೆಟ್ರೋಲ್ ಸುಟ್ಕೊಂಡು ಆರ್.ಟಿ. ನಗರಕ್ಕೆ ಹೋಗ್ಬೇಕಾ? ಭಾವ ಇದ್ದಿದ್ರೆ ಅವ್ರೇ ಬೈಯೋರು."

"ನಿನ್ ಮೊಬೈಲ್‌ಗೆ ನನ್ ಮಗಳು ಗೊತ್ತೇನೋ?"

ಬಾಲರಾಜ್ ಗೇರು ಬದಲಿಸಿದ. ಕೆಳಗೆ ಕೆರೆಯ ಮೇಲೆ ಬೆಳ್ಳಕ್ಕಿಗಳು ಕುಳಿತಿದ್ದವು. 

ಖುದ್ದೂಸ್ ಸಾಹೇಬರ ಮನೆಯ ಮುಂಗೋಣೆಯೇ ಅವರ ಕಚೇರಿಯಾಗಿತ್ತು. ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡುಗಳು ಕಾಲು ಕೂಡಿಸಿಕೊಂಡು ಒರಗಿದ್ದವು. ಬಿಸಿಲಿನಲ್ಲಿ ಅಳೆಯುವ ಕೆಲಸವನ್ನು ಸಾಹೇಬರು ಬಿಟ್ಟಿದ್ದರು. ಈಗ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಹತ್ತಿಸಿಕೊಡುತ್ತಿದ್ದರು. ನಾಗಲಕ್ಷ್ಮಿ ಚೀಲದಿಂದ ಯಂತ್ರ ತೆಗೆದಳು; ಸಾಹೇಬರು ಅದನ್ನು ಕಂಡು ಗುರುತಿಸಿ, ಆಮೇಲೆ ಅವಳನ್ನು ಗುರುತಿಸಿದರು.

"ಅರೆ, ಕೋಗಿಲು ರಾಜಣ್ಣನ ಮನೆಯವ್ರಾ? ಬನ್ನಿ, ಕೂತ್ಕೊಳ್ರಮ್ಮಾ. ಅಮೀನಾ, ಚಾ ಇಡು. ರಾಜಣ್ಣ ಹೋದ ವಿಷ್ಯ ನಂಗೆ ತುಂಬಾ ಲೇಟಾಗಿ ಗೊತ್ತಾಯ್ತು. ಒಳ್ಳೆ ಮನುಷ್ಯ. ಮಾತು ಕಮ್ಮಿ."

"ಸಾಬ್ರೇ, ಇದು ಸತ್ತೋಗ್ತಾ ಅದೆ," ಅಂದಳು ನಾಗಲಕ್ಷ್ಮಿ. "ಇದು ಸತ್ರೂ ಪರವಾಗಿಲ್ಲ. ಒಳಗಿರಾದ್ ಉಳ್ಸ್‌ಕೊಡಿ."

ಸಾಹೇಬರು ಕನ್ನಡಕ ಹಣೆಗೇರಿಸಿ ಕಿಲುಬನ್ನು ಮೂಸಿದರು, ಪರದೆಯ ಗೆರೆಗಳನ್ನು ನೋಡಿದರು. "ಕಣ್ಣು ಹೋಗಿದೆ. ನೆನಪು ಹೋಗಿರ್ಲಿಕ್ಕಿಲ್ಲ. ಮೊದ್ಲು ಕಾಪಿ ಮಾಡ್ಕೊಳ್ಳೋಣ. ಉಳಿದಿದ್ದು ಆಮೇಲೆ."

ಇಂದಿನ ಯಾವ ತಂತಿಯೂ ಅದಕ್ಕೆ ಹೊಂದುತ್ತಿರಲಿಲ್ಲ. ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಿಂದ ಹಳೆಯ ಕೇಬಲ್ಲೊಂದನ್ನು ಸಾಹೇಬರ ಹೆಂಡತಿ ಅಮೀನಾ ಹುಡುಕಿ ತಂದಳು. ಅದರ ಒಂದು ತುದಿಯನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು, ಅದಕ್ಕೆಂದೇ ಇನ್ನೂ ಎಸೆಯದೆ ಇಟ್ಟಿದ್ದ ಹಳೆಯ ಕಂಪ್ಯೂಟರಿಗೆ ಚುಚ್ಚಿದರು. ಸಂಪರ್ಕ ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಕಿಲುಬು ತಿಂದ ಬೆಸುಗೆ. ಕೇಬಲ್ಲನ್ನು ಒಂದು ಓರೆಯಲ್ಲಿ ಒತ್ತಿ ಹಿಡಿದರಷ್ಟೇ ಅದು ಮಾತಾಡುತ್ತಿತ್ತು.

"ಯಾರಾದ್ರೂ ಹಿಡ್ಕೋಬೇಕು. ಕೈ ಅಲ್ಲಾಡ್ಬಾರ್ದು."

ಬಾಲರಾಜ್ ಮುಂದೆ ಬಂದ. ನಾಗಲಕ್ಷ್ಮಿ ಅವನ ಕೈಯನ್ನು ಪಕ್ಕಕ್ಕೆ ಸರಿಸಿ ತಾನೇ ಹಿಡಿದುಕೊಂಡಳು. ಎರಡೂ ಅಂಗೈಗಳ ನಡುವೆ ಪೆಟ್ಟಿಗೆ, ಹೆಬ್ಬೆರಳ ತುದಿಯಲ್ಲಿ ಕೇಬಲ್ಲಿನ ಒತ್ತು. ಕಂಪ್ಯೂಟರಿನ ಮೇಲೆ ಒಂದು ಹಸಿರು ಪಟ್ಟಿ ಮೊಳಕೆಯಂತೆ ನಿಧಾನವಾಗಿ ಉದ್ದವಾಗತೊಡಗಿತು. ಅವಳ ರಟ್ಟೆ ಜೋಮು ಹಿಡಿಯಿತು. ಮೂಗಿನ ತುದಿ ಕಡಿಯುತ್ತಿತ್ತು. ಚಹಾ ಬಂದು ಎದುರಿಗೆ ಕೆನೆಗಟ್ಟಿತು. ಅವಳು ಉಸಿರನ್ನೂ ಅಳೆದು ಬಿಡುತ್ತಿದ್ದಳು.

"ಸಾಕಮ್ಮಾ, ಬಿಡಿ. ಬಂತು. ಎಲ್ಲಾ ಬಂತು."

ಅವಳು ಯಂತ್ರವನ್ನು ಮಡಿಲಿಗಿಳಿಸಿ ಕೈ ಕೊಡವಿಕೊಂಡಳು. ಸಾಹೇಬರು ಅದರಲ್ಲಿದ್ದ ಏಕೈಕ ಹೆಸರನ್ನು ಒತ್ತಿ ನಕಾಶೆಯ ಮೇಲೆ ತೆರೆದರು. ಭೂಮಿ ಪರದೆಯಲ್ಲಿ ಗಿರ್ರನೆ ತಿರುಗಿ ಹತ್ತಿರ ಹತ್ತಿರ ಬಂತು. ನಾಗಲಕ್ಷ್ಮಿ ಬಯಲನ್ನು ನಿರೀಕ್ಷಿಸಿದ್ದಳು. ಕಂಡದ್ದು ಒಂದಕ್ಕೊಂದು ಅಂಟಿದ ತಾರಸಿಗಳು, ಕಪ್ಪು ನೀರಿನ ತೊಟ್ಟಿಗಳು, ಇಕ್ಕಟ್ಟಾದ ಗಲ್ಲಿ. ಗಲ್ಲಿಯ ನಡುವೆ ಒಂದು ಕೆಂಪು ಬೊಟ್ಟು.

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ಮತ್ತೆ ಮುಚ್ಚಿ ಮತ್ತೆ ತೆರೆದರು. ಬೊಟ್ಟು ಅಲ್ಲಿಯೇ ಇತ್ತು.

"ಇದು ನಮ್ಮ ಗಲ್ಲಿ," ಅಂದರು ಸಣ್ಣ ದನಿಯಲ್ಲಿ. "ನಮ್ಮ ಬಾಗ್ಲು."

 ನಾಗಲಕ್ಷ್ಮಿ ತೆರೆದ ಬಾಗಿಲಿನಾಚೆ ನೋಡಿದಳು. ಮೋರಿಯ ಚಪ್ಪಡಿ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸ್ಕೂಟರು, ಕೊತ್ತಂಬರಿ ಕಡ್ಡಿಯನ್ನು ಎಳೆದಾಡುತ್ತಿದ್ದ ಮೇಕೆ.

"ಅದೆಂಗೆ ಸಾಬ್ರೇ?"

ಖುದ್ದೂಸ್ ಸಾಹೇಬರು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿ ಕುಳಿತರು. "ಅಮ್ಮಾ, ಈ ಮೆಷಿನ್‌ದು ಒಂದು ಸ್ವಭಾವ ಇದೆ. ಆನ್ ಮಾಡಿದ ತಕ್ಷಣ ಇದಕ್ಕೆ ತಾನೆಲ್ಲಿದೀನಿ ಅಂತ ಗೊತ್ತಿರಲ್ಲ. ಆಕಾಶ ಸಿಕ್ಕೋವರ್ಗೂ ಕಾಯ್ಬೇಕು. ಮರದ ಕೆಳಗಿದ್ರೆ ಇನ್ನೂ ಲೇಟು. ಅಲ್ಲಿವರ್ಗೂ ಹಿಂದೆ ಎಲ್ಲಿ ಕಣ್ಣು ಮುಚ್ಚಿತ್ತೋ ಅದೇ ಜಾಗ ಅಂತ ಹೇಳ್ತಾ ಇರ್ತದೆ. ಅವತ್ತು ರಾಜಣ್ಣ ಇಲ್ಲಿಗೆ ಬಂದ್ರು. ಬಾಗ್ಲಲ್ಲೇ ನಿಂತು ಹೇಳ್ಕೊಟ್ಟೆ, ಇದು ಒತ್ತಿ, ಹೆಸ್ರು ಬರೀರಿ ಅಂತ. ಕಾಯ್ಬೇಕು ಅಂದ್ನೋ ಇಲ್ವೋ ನೆನಪಿಲ್ಲ. ಸೆಲ್ ಖರ್ಚಾಗ್ತದೆ ಅಂತ ಇಲ್ಲೇ ಆಫ್ ಮಾಡಿ ಕೊಟ್ಟೆ. ಅಲ್ಲಿ ಹೋಗಿ ಆನ್ ಮಾಡಿದಾರೆ, ಕೂಡ್ಲೇ ಒತ್ತಿದಾರೆ."

"ಹೋಗ್ಲಿ ಬಿಡಕ್ಕ," ಅಂದ ಬಾಲರಾಜ್. "ಸಾಬ್ರು ಮನೆ ಮುಂದೆ ಅಂದ್ರೂ ಒಳ್ಳೆ ಜಾಗಾನೇ..." ಅಷ್ಟಕ್ಕೇ ತನ್ನ ಮಾತು ತನಗೇ ನಾಚಿಕೆಯಾಗಿ ನಿಲ್ಲಿಸಿದ. ಬಾಗಿಲಲ್ಲಿ ನಿಂತಿದ್ದ ಅಮೀನಾ ಸೆರಗನ್ನು ತಲೆಯ ಮೇಲೆಳೆದುಕೊಂಡು ಒಳಗೆ ಹೋದಳು.

ಕೊಡಿಗೇಹಳ್ಳಿಯಿಂದ ಈ ಬಾಗಿಲೂ ಸರಿಸುಮಾರು ಅಷ್ಟೇ ದೂರ. ಅಷ್ಟು ವರ್ಷ ತಾರಸಿಯ ಮೇಲೆ ಅವಳು ಬಡಗಲಿಗೆ ಮುಖ ಮಾಡಿ ಹಾಲು ಬಿಟ್ಟಿದ್ದಳು. ಅಂಕಿ ತೆಂಕಲಿನ ಒಂದು ಮೋರಿಯ ಲೆಕ್ಕ ಹೇಳುತ್ತಿತ್ತು. ಬಾಣ ಎತ್ತಲೂ ನಿಲ್ಲದೆ ಸುತ್ತುತ್ತಿದ್ದುದೊಂದೇ ಆ ಯಂತ್ರದ ಪ್ರಾಮಾಣಿಕತೆಯಾಗಿತ್ತೋ ಏನೋ. ಆದರೆ ಅವಳಿಗೆ ಯಂತ್ರದ ಮೇಲೆ ಸಿಟ್ಟು ಬರಲಿಲ್ಲ. ಗಂಡನ ಮೇಲೆ ಬಂತು. ಬಾಣಂತಿಕೋಣೆಯ ಬಾಗಿಲು ಹಾಕಿಕೊಂಡ ದಿನ ಬಾರದಿದ್ದ ಸಿಟ್ಟು. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಆ ಮರದ ಕೆಳಗೆ ನಿಲ್ಲಲಾರದೆ ಹೋದನೇ? ಗುಂಡಿ ಒತ್ತಿದೆ, ಋಣ ಹರಿಯಿತು ಎಂದು ನಡೆದುಬಿಟ್ಟನೇ?

"ಓಗಾಣ ನಡಿ," ಎಂದು ಎದ್ದಳು.

"ಇರಿ ಅಮ್ಮಾ." ಸಾಹೇಬರು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದರು. "ಬೊಟ್ಟು ಒಂದೇ ಅಲ್ಲ. ಗೆರೇನೂ ಬಂದಿದೆ."

"ಏನ್ ಗೆರೆ?"

"ಇದು ಆನ್ ಆಗಿರೋವಷ್ಟು ಹೊತ್ತು, ಯಾರೂ ಹೇಳ್ದೇನೇ, ತಾನು ಹೋದ ದಾರೀನೆಲ್ಲಾ ಒಳಗೆ ಬರ್ಕೊಳ್ತದೆ. ದಾರ ಬಿಟ್ಕೊಂಡು ಹೋದಂಗೆ. ಜಾಗ ಸಾಲ್ದೇ ಹೋದ್ರೆ ಹಳೇದು ಅಳಿಸ್ಕೊಂಡು ಹೋಗ್ತದೆ. ನೀವು ಜಾಸ್ತಿ ಬಳಸ್ಲಿಲ್ಲ ಅನ್ಸುತ್ತೆ. ಉಳಿದಿದೆ."

ಪರದೆಯ ಮೇಲೆ ನೀಲಿ ಎಳೆಗಳು ಮೂಡಿದವು. ಕೊಡಿಗೇಹಳ್ಳಿಯ ರೈಲುಹಳಿಯ ಪಕ್ಕದ ಒಂದು ತಾರಸಿಯ ಮೇಲೆ ಒಂದು ಗಂಟು. ಸಿಕ್ಕುಬಿದ್ದ ಹೊಲಿಗೆದಾರದ ಉಂಡೆಯಂತೆ ಎಳೆಯ ಮೇಲೆ ಎಳೆ ಬಿದ್ದಿತ್ತು.

"ಇದು ನಿಮ್ಮ ಮನೆ. ಪ್ರತಿ ವರ್ಷ ಅಲ್ಲೇ ನಿಂತಿದೀರ. ನಿಂತ್ರೆ ಹಿಂಗೇ ಆಗ್ತದೆ. ನಿಂತೋರು ನಿಂತಿದಾರೆ ಅಂತ ಈ ಮೆಷಿನ್‌ಗೆ ನಂಬಿಕೆ ಬರಲ್ಲ. ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ ಅಂತ ಬರೀತಾನೇ ಇರ್ತದೆ. ನಾವು ಸರ್ವೆಯವ್ರು ಇದನ್ನ ಕಸ ಅಂತ ಅಳಿಸಿ ಹಾಕ್ತೀವಿ."

ಆಮೇಲೆ ಅವರು ನಕಾಶೆಯನ್ನು ಬಡಗಲಿಗೆ ಎಳೆದರು. ಯಲಹಂಕದ ರಸ್ತೆ ದಾಟಿತು. ಕೋಗಿಲಿನ ಹೊಸ ಮನೆಗಳ ನಡುವೆ ಇನ್ನೊಂದು ಗಂಟು ಇತ್ತು.

ಅದು ಮೊದಲಿನದಕ್ಕಿಂತ ದಪ್ಪವಾಗಿತ್ತು. ಎಳೆಗಳು ಸುತ್ತಿ ಸುತ್ತಿ ನಡುವೆ ನೀಲಿಯ ಬದಲು ಬರಿಯ ಕಪ್ಪು ಕಾಣುತ್ತಿತ್ತು. ಅದರಿಂದ ಒಂದು ಒಂಟಿ ಎಳೆ ಹೊರಟು ರಸ್ತೆಯ ಕಡೆ ಹೋಗಿ ಮುಗಿದಿತ್ತು.

"ಬಟನ್ ಒತ್ತಿ ಜೇಬಲ್ಲಿ ಹಾಕ್ಕೊಂಡಿದಾರೆ. ಆಫ್ ಮಾಡಿರೋದು ರಸ್ತೆಗೆ ಬಂದ್ಮೇಲೇನೇ. ಆಮೇಲೆ ಆಕಾಶ ಸಿಕ್ಕಿದೆ." ಸಾಹೇಬರು ಪಕ್ಕದ ಅಂಕಿಗಳನ್ನು ಓದುತ್ತಿದ್ದರು. "ಬೆಳಿಗ್ಗೆ ಶುರುವಾಗಿದೆ. ಈ ಗಂಟಿನ ಜಾಗದಿಂದ ಎದ್ದು ಹೋಗೋಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತೂ ದಾಟಿದೆ. ಅಷ್ಟು ಹೊತ್ತು ಈ ಜಾಗ ಬಿಟ್ಟು ಅಲ್ಲಾಡಿಲ್ಲ ಅವ್ರು."

ನಾಗಲಕ್ಷ್ಮಿ ಕುಳಿತುಕೊಂಡಳು. ಆ ಸಂಜೆ ಅನಂತರಾಜು ಮನೆಗೆ ಬಂದಾಗ ಅವನ ಪಂಚೆಯ ಹಿಂಭಾಗಕ್ಕೆಲ್ಲ ಕೆಮ್ಮಣ್ಣು ಮೆತ್ತಿತ್ತು. ಊಟವೆಂದರೆ, ಯಲಹಂಕದ ಹೋಟೆಲಿನಲ್ಲಿ ಆಯಿತು ಅಂದಿದ್ದ. ಒಗೆಯುವಾಗ ಆ ಮಣ್ಣು ಬಿಡಲಿಲ್ಲವೆಂದು ಅವಳು ಗೊಣಗಿದ್ದಳು.

ಬಾಲರಾಜ್ ಅಕ್ಕನ ಹಿಂದೆ ಬಂದು ನಿಂತ. ಸಾಹೇಬರು ನಕಾಶೆಯ ತುದಿಯಲ್ಲಿದ್ದ, ಹಳೆಯ ವರ್ಷಗಳ ಚಿತ್ರ ತೋರಿಸುವ ಗುಂಡಿಯೊಂದನ್ನು ಹಿಂದಕ್ಕೆ ಸರಿಸಿದರು. ವರ್ಷಗಳು ಹಿಂದೆ ಸರಿದವು. ಮನೆಗಳು ಒಂದೊಂದಾಗಿ ಮಾಯವಾದವು. ಡಾಂಬರು ಹೋಗಿ ಕೆಂಪು ಗೀಟುಗಳುಳಿದವು, ಗೀಟುಗಳೂ ಹೋಗಿ ರಾಗಿ ಕುಯಿದ ಹೊಲ ಬಂತು. ಬದುವಿನುದ್ದಕ್ಕೂ ಮರಗಳ ಕಪ್ಪು ನೆರಳು. ನೀಲಿ ಗಂಟು ಆ ಸಾಲಿನ ಒಂದು ನೆರಳಿನ ಮೇಲೆ ಬಿದ್ದಿತ್ತು.

"ಬಾವಿ ಪಕ್ಕದ ಹೊಂಗೆ ಅಕ್ಕಾ," ಅಂದ ಬಾಲರಾಜ್.  "ನಿಮ್ಮನೆಗೆ ಬಂದಾಗೆಲ್ಲ ನಾನು ಅದ್ರ ಕೆಳಗೇ ಮಲಗ್ತಿದ್ನಲ್ಲೇ. ಭಾವ ಅಲ್ಲಿ ಮಲಗ್ಬೇಡ ಅಂತ ಎಬ್ಬಿಸೋರು. ಇರುವೆ ಇದಾವೆ ಅನ್ನೋರು."

ತಾಯಿಯಾದವಳು ಆ ಜಾಗವನ್ನು ಮೊದಲ ಸಲ ನೋಡಿದಳು, ಹಕ್ಕಿಯೂ ಹಾರದ ಎತ್ತರದಿಂದ. ಮರದ ನೆರಳು ಗೋರಂಟಿಯ ಬೊಟ್ಟಿನಷ್ಟಿತ್ತು. ಅವಳು ಬೆರಳು ಚಾಚಿ ಗಾಜನ್ನು ಮುಟ್ಟಲು ಹೋಗಿ, ಅರ್ಧದಲ್ಲಿ ನಿಲ್ಲಿಸಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಆಮೇಲೆ ಮುಟ್ಟಿದಳು.

ಸಾಹೇಬರು ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಕೊಟ್ಟರು. ತಮ್ಮ ಕಂಪ್ಯೂಟರಿನಲ್ಲಿಯೂ ಒಂದು ಪ್ರತಿ ಇಟ್ಟುಕೊಂಡರು. "ಈ ಬೊಟ್ಟು ತಪ್ಪು. ಅಳಿಸಿಬಿಡ್ಲಾ?"

"ಇರ್ಲಿ ಬುಡಿ ಸಾಬ್ರೇ. ಅವ್ರು ಹೆಸರಿಟ್ಟಿದ್ದು ಅದೊಂದ್ಕೇಯ." ಹೊರಡುವಾಗ ಅವಳು ಬಾಗಿಲ ಮುಂದಿನ ಚಪ್ಪಡಿಯನ್ನು ತುಳಿಯದೆ ಬಳಸಿ ಹೋದಳು.

ಅಮಾವಾಸ್ಯೆಯ ದಿನ ಹಿರಿಯರ ಎಡೆ ಮುಗಿದ ಮೇಲೆ ಅವಳು ತಾರಸಿಗೆ ಹೋಗಲಿಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಲು ತೆಗೆದುಕೊಂಡು, ಬೀರುವಿನಿಂದ ಯಂತ್ರ ತೆಗೆದು ಚೀಲಕ್ಕೆ ಹಾಕಿಕೊಂಡು, ಬಾಲರಾಜ್‌ನ ಕಾರು ಹತ್ತಿದಳು. ಬಡಾವಣೆಯ ಗೇಟಿನಲ್ಲಿ ತಡೆದವನಿಗೆ ಅವನು ಸೈಟು ನೋಡಲು ಬಂದಿದ್ದೇವೆಂದ. ಸಾಹೇಬರು ಬಾಲರಾಜ್‌ನ ಮೊಬೈಲಿಗೂ ಆ ಗಂಟಿನ ಜಾಗವನ್ನು ಕಳಿಸಿದ್ದರು. ಎರಡು ತಿರುವು ದಾಟಿ ಒಂದು ಕೆನೆಬಣ್ಣದ ಮನೆಯ ಮುಂದೆ ಕಾರು ನಿಂತಿತು.

"ಇಲ್ಲೇ ಅಕ್ಕಾ. ಅರ್ಧ ರಸ್ತೆ ಮೇಲೆ, ಅರ್ಧ ಆ ಗೇಟ್ ಮುಂದೆ. ಜಾಸ್ತಿ ಹೊತ್ತು ನಿಲ್ಬೇಡ. ಅಮಾಸೆ ದಿನ ಬೇರೆಯವ್ರ ಬಾಗ್ಲಲ್ಲಿ ಹಾಲು ಚೆಲ್ಲಿದ್ರೆ ಮಾಟ ಮಾಡ್ಸಿದ್ರು ಅಂತ ಬೀದಿಗೆ ಬೀದೀನೇ ಎದ್ದು ಬರುತ್ತೆ."

ಅದು ಅವಳಿಗೂ ಗೊತ್ತಿತ್ತು. ತನ್ನ ಬಾಗಿಲಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಅವಳೂ ಎದ್ದು ಬರುತ್ತಿದ್ದಳು.

ರಸ್ತೆಗೆ ಡಾಂಬರು, ಕಾರು ಹತ್ತಲು ಇಳಿಜಾರಿಗೆ ಸಿಮೆಂಟು, ಅದರಾಚೆ ಟೈಲ್ಸು. ಕಾಂಪೌಂಡಿನ ಹೊರಗೆ ಒಂದು ಮೂಲೆಯಲ್ಲಿ ಮಾತ್ರ ಮೊರದಗಲದ ಮಣ್ಣು ಉಳಿದಿತ್ತು. ಅದರಲ್ಲೊಂದು ನಂದಿಬಟ್ಟಲ ಗಿಡ, ಹಳದಿಗೆ ತಿರುಗಿದ ಎಲೆ. ನಾಗಲಕ್ಷ್ಮಿ ಅದರ ಮುಂದೆ ನಿಂತಳು. ನಿಂತಷ್ಟರಲ್ಲಿ ಗೇಟು ತೆರೆಯಿತು. ಮೂವತ್ತೈದರ ಆಸುಪಾಸಿನ ಹೆಂಗಸು, ನೈಟಿಯ ಮೇಲೊಂದು ಟವೆಲ್ಲು, ಕೈಯಲ್ಲಿ ಖಾಲಿ ಹೂಬುಟ್ಟಿ.

"ಹೂವಿಗಾ ಆಂಟಿ? ನಿಮಗಿಂತ ಮುಂಚೆ ವಾಕಿಂಗ್ ಪಾರ್ಟಿ ಬಂದು ಕಿತ್ಕೊಂಡ್ ಹೋಯ್ತು. ಮನೆಯವಳಿಗೇ ಮೊಗ್ಗು ಬ್ಯಾಲೆನ್ಸ್ ಇಟ್ಟಿಲ್ಲ."

"ಹೂವಿಗಲ್ಲ ತಾಯಿ. ಗಿಡ ಯಾಕೋ ಬಡವಾಗದೆ ಅಂತ ನೋಡ್ದೆ."

"ಏನ್ ಗೊಬ್ಬರ ಹಾಕಿದ್ರೂ ಅಷ್ಟೇ. ಶಶಿರೇಖಾ ಕೈಗುಣ ಸರಿಯಿಲ್ಲ ಅಂತಾರೆ ನಮ್ಮತ್ತೆ."

"ಬುಡುಕ್ಕೆ ನೀರು ಬೆರ್ಸಿದ್ ಹಾಲು ಬುಟ್ರೆ ಚಿಗುರ್ತದೆ. ನಮ್ಮನೇಲಿ ಅಂಗೇ ಮಾಡಾದು. ಇದೆ ನನ್ ತಾವ. ಬುಡ್ಲಾ?"

ಶಶಿರೇಖಾಳ ನಗು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಡಬ್ಬಿಯಿಂದ ಕಾರಿಗೆ, ಕಾರಿನಿಂದ ನಾಗಲಕ್ಷ್ಮಿಯ ಬೋಳು ಹಣೆಗೆ ಹೋಗಿ ಬಂತು. "ಇವತ್ತು ಅಮಾಸೆ ಅಲ್ವಾ..." ಅಂದಳು ಗೇಟಿನ ಚಿಲಕ ಹಿಡಿದುಕೊಂಡು.

ನಾಗಲಕ್ಷ್ಮಿ ಡಬ್ಬಿಯ ಮುಚ್ಚಳಕ್ಕೆ ಒಂದಿಷ್ಟು ಹಾಲು ಬಗ್ಗಿಸಿ, ಅವಳ ಎದುರಿಗೇ ಕುಡಿದು, ಬಾಯಿ ಒರೆಸಿಕೊಂಡಳು.

"ಅಯ್ಯೋ ಆಂಟಿ, ನಾನೇನ್ ಅಂದೆ ಈಗ! ಹಾಕಿ ಹಾಕಿ." ಶಶಿರೇಖಾಳ ಮುಖ ಕೆಂಪಾಯಿತು. ಆ ಮುಜುಗರ ಮುಚ್ಚಿಕೊಳ್ಳಲು ಅವಳು ಮಾತಿಗಿಳಿದಳು. "ಈ ಜಾಗಕ್ಕೂ ಸಿಮೆಂಟ್ ಹಾಕಿಸೋರೇ ಇದ್ವಿ. ಪಾಯ ತೆಗೀವಾಗ ಇಲ್ಲೊಂದು ಹಳೇ ಹೊಂಗೆ ಬೇರು ಸಿಕ್ತು, ನೋಡಿ. ಎಷ್ಟು ಅಗೆದ್ರೂ ಹೋಗ್ಲಿಲ್ಲ. ಮೇಸ್ತ್ರಿ ಸಾಕಾಗಿ ಬಿಟ್ಬಿಡಿ ಮೇಡಂ ಅಂದ. ಸುತ್ತ ಮಣ್ಣೆಲ್ಲ ಬಗೆದು ಲಾರಿಗೆ ತುಂಬಿ ಕಳ್ಸಿದ್ವಿ. ಇದು ಹೊರಗಿಂದ ತರ್ಸಿದ ಹೊಸ ಮಣ್ಣು. ಅದಕ್ಕೇ ಗಿಡ ಹಿಡೀತಿಲ್ವೋ ಏನೋ."

ಬಾಗಿದ್ದ ಡಬ್ಬಿ ನಾಗಲಕ್ಷ್ಮಿಯ ಕೈಯಲ್ಲಿ ಹಾಗೆಯೇ ನಿಂತಿತು.

"ಹಳೇ ಮಣ್ಣು ಎಲ್ಲಿಗ್ ತಗಂಡೋದ್ರು?"

"ಯಾರಿಗ್ ಗೊತ್ತು ಆಂಟಿ? ಎಲ್ಲೋ ಹಳ್ಳ ತುಂಬ್ಸೋಕೆ. ಲಾರಿಯವ್ನು ಹೇಳ್ತಾನಾ?"

ಕಾರಿನಲ್ಲಿದ್ದ ಬಾಲರಾಜ್ ಸ್ಟೀರಿಂಗಿನ ಮೇಲೆ ತಲೆ ತಗ್ಗಿಸಿದ. ಅಂಥ ಲಾರಿಗಳು ಅವನಿಗೆ ಹೊಸವಲ್ಲ.

ನಾಗಲಕ್ಷ್ಮಿ ಹೌದೆಂಬಂತೆ ತಲೆಯಾಡಿಸಿದಳು. ಆಮೇಲೆ ಕುಕ್ಕರಗಾಲಲ್ಲಿ ಕುಳಿತು, ಹಾಲನ್ನು ಸಣ್ಣ ಧಾರೆಯಾಗಿ, ಬೇರಿನ ಮೇಲೆ ಬೀಳುವಂತೆ ಬಿಟ್ಟಳು. ಮಣ್ಣಿನೊಳಗಿಂದ ಮೊಣಕೈಯಂತೆ ಎದ್ದಿದ್ದ ಆ ಬೇರು ಒಂದು ಕ್ಷಣ ಬೆಳ್ಳಗಾಗಿ, ಮತ್ತೆ ತನ್ನ ಬಣ್ಣಕ್ಕೆ ತಿರುಗಿತು. ಹೊಸ ಮಣ್ಣು ಹಾಲನ್ನು ನಿಧಾನವಾಗಿ ಕುಡಿಯಿತು. ಅದಕ್ಕೆ ಆ ಕೂಸಿನ ಗುರುತಿರಲಿಲ್ಲ.

ಎದ್ದು ನಿಂತು ಚೀಲದ ಬಾಯಿ ಅಗಲಿಸಿ, ಒಳಗಿದ್ದ ಯಂತ್ರದ ಗುಂಡಿ ಒತ್ತಿದಳು. ಕುರುಡು ಪರದೆ ಆಕಾಶಕ್ಕೆ ಮುಖವಾಗಿತ್ತು. ಅದರಲ್ಲಿ ಗೆರೆಗಳ ಹೊರತು ಇನ್ನೇನೂ ಕಾಣುತ್ತಿರಲಿಲ್ಲ. ಆಕಾಶ ಸಿಗುವವರೆಗೆ ಕಾಯಬೇಕು, ಕಾದಮೇಲೂ ಗಂಟು ಬೀಳುವಷ್ಟು ಹೊತ್ತು ನಿಲ್ಲಬೇಕು. ಬೀದಿಯಲ್ಲಿ ಸುಮ್ಮನೆ ನಿಂತ ಹೆಂಗಸಿಗೆ ಒಂದು ನೆಪ ಬೇಕು. ಅವಳು ಕೇಳಿದಳು:

"ಗಿಡ ಯಾವಾಗ ನೆಟ್ಟಿದ್ದು ತಾಯಿ?"

ಶಶಿರೇಖಾ ಹೇಳತೊಡಗಿದಳು. ಗೃಹಪ್ರವೇಶದ ವಾರ ನೆಟ್ಟಿದ್ದು, ಮೊದಲು ಗುಲಾಬಿ ಇಟ್ಟಿದ್ದು, ಅದು ಒಣಗಿದ್ದು, ಅತ್ತೆ ಅಂದದ್ದು. ನಾಗಲಕ್ಷ್ಮಿ ಹೂಂಗುಟ್ಟುತ್ತಿದ್ದಳು. ಪಾದ ಕದಲಿಸಲಿಲ್ಲ. ಇಲ್ಲಿ, ಇಲ್ಲೇ ಎಲ್ಲೋ, ಒಬ್ಬ ಗಂಡಸು ಹಸಿದ ಹೊಟ್ಟೆಯಲ್ಲಿ ಕೆಮ್ಮಣ್ಣಿನ ಮೇಲೆ ಕುಳಿತಿದ್ದ. ಮನೆಗೆ ಬಂದು ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

"ಅಕ್ಕಾ, ಹೋಗೋಣ್ವಾ?" ಎಂದು ಬಾಲರಾಜ್ ಕರೆದ.

"ಇರೋ," ಅಂದಳು ಅವಳು, ತಿರುಗದೆ. "ಇನ್ನೊಂದ್ ಗಳಿಗೆ ನಿಂತ್ಕಂಡಿರ್ತೀನಿ."

ಅವನು ಇಂಜಿನ್ನು ಆರಿಸಿದ.